ಎರಡೂ ರಸ್ಟ್‌ನಲ್ಲಿ ಬರೆದ ಹುಡುಕಾಟದ ಪ್ರೋಗ್ರಾಂ. ಒಂದು 'ಇದೆ' ಅನ್ನುತ್ತದೆ, ಇನ್ನೊಂದು 'ಇಲ್ಲ' ಅನ್ನುತ್ತದೆ. ಯಾವುದನ್ನು ನಂಬಲಿ?

ರಾಯಚೂರು ಡಿಟಿಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. 2009ರಿಂದ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ಶ್ರದ್ಧಾಂಜಲಿ ಕಾರ್ಡು, ಶಾಲೆಯ ಸ್ಮರಣ ಸಂಚಿಕೆ, ದಾಸರ ಪದಗಳ ಪುಸ್ತಕ, ಬಂದದ್ದೆಲ್ಲ ಮಾಡುತ್ತೇನೆ. ಪ್ರೋಗ್ರಾಮಿಂಗ್ ನನಗೆ ಬರುವುದಿಲ್ಲ. ಕನ್ನಡ ಟೈಪಿಂಗ್ ಮಾತ್ರ ಕಣ್ಣು ಮುಚ್ಚಿ ಮಾಡುತ್ತೇನೆ.

ನನ್ನ ಹಳೆಯ ಕೆಲಸವೆಲ್ಲ ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಫೈಲುಗಳಲ್ಲಿ ಇತ್ತು. ಹೋದ ವರ್ಷ ಆಷಾಢದಲ್ಲಿ ಮದುವೆ ಕೆಲಸ ಇರಲಿಲ್ಲ. ನಾನೂ ನನ್ನ ಅಕ್ಕನ ಮಗನೂ ಕೂತು ಎಲ್ಲವನ್ನೂ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಾಯಿಸಿ ಬರೀ ಟೆಕ್ಸ್ಟ್ ಫೈಲ್ ಮಾಡಿ ಇಟ್ಟೆವು. ಸುಮಾರು 11,000 ಫೈಲು. ಯಾಕೆ ಅಂದರೆ ನಮ್ಮ ಗಿರಾಕಿಗಳು ಬಂದು ಕೇಳುವುದೇ ಹಾಗೆ. "ನಮ್ಮ ದೊಡ್ಡ ಮಗಳ ಮದುವೆಗೆ ಮಾಡಿಸಿದ್ದೆವಲ್ಲ, ಅದೇ ಮ್ಯಾಟರ್ ಇರಲಿ, ಹೆಸರು ತಾರೀಖು ಬದಲಾಯಿಸಿ ಕೊಡಿ." ಯಾವ ವರ್ಷ ಅಂತ ಅವರಿಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ.

ಅಕ್ಕನ ಮಗ ಬಿಇ ಕೊನೆಯ ವರ್ಷದಲ್ಲಿದ್ದಾನೆ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾನೆ. ಟ್ಯಾಂಟಿವಿ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಬಳಸಿ ನನಗೊಂದು ಚಿಕ್ಕ ಪ್ರೋಗ್ರಾಂ ಮಾಡಿಕೊಟ್ಟ. ಪದ ಹಾಕಿದರೆ ಫೈಲಿನ ಹೆಸರು ಬರುತ್ತದೆ. ಎಂಟರ್ ಒತ್ತಿ ಕೈ ತೆಗೆಯುವುದರೊಳಗೆ ಉತ್ತರ ಬಂದಿರುತ್ತದೆ. ನಾಲ್ಕು ತಿಂಗಳು ಖುಷಿಯಾಗಿ ಬಳಸಿದೆ.

ಹೋದ ತಿಂಗಳು ಮಾನವಿ ಕಡೆಯಿಂದ ಒಬ್ಬ ತಾಯಿ ಬಂದಿದ್ದರು. ಅರವತ್ತು ದಾಟಿದವರು. ಅವರ ಅತ್ತೆ ಹಾಡುತ್ತಿದ್ದ ಮದುವೆ ಹಾಡುಗಳನ್ನು 2013ರಲ್ಲಿ ನನ್ನ ಹತ್ತಿರವೇ ಟೈಪ್ ಮಾಡಿಸಿ, ನೂರು ಪ್ರತಿ ಹಾಕಿಸಿ ಹಂಚಿದ್ದರಂತೆ. ಈಗ ಮನೆಯಲ್ಲಿ ಒಂದೂ ಇಲ್ಲ. ಮೊಮ್ಮಗಳ ಮದುವೆ ಬಂದಿದೆ. "ತಮ್ಮಾ, ನಿನ್ನ ಹತ್ರ ಇದ್ದೇ ಇರ್ತದ, ನೋಡಪ್ಪಾ" ಅಂದರು. ನಾನು 'ಸಂಪ್ರದಾಯದ' ಅಂತ ಹಾಕಿದೆ. ಸೊನ್ನೆ. 'ಅಜ್ಜಿ' ಅಂತ ಹಾಕಿದೆ. ಸೊನ್ನೆ. ಇಲ್ಲಮ್ಮಾ, ಆ ಕಾಲದ ಫೈಲು ಹೋಗಿರಬೇಕು ಅಂತ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಚೀಟಿಯಲ್ಲಿ ನಂಬರ್ ಬರೆದು ಕೊಟ್ಟು ಹೋದರು.

ರಾತ್ರಿ ಮನಸ್ಸು ತಡೆಯಲಿಲ್ಲ. 'ಅಜ್ಜಿ' ಅನ್ನುವ ಪದ 11,000 ಫೈಲಿನಲ್ಲಿ ಒಂದರಲ್ಲೂ ಇಲ್ಲ ಅಂದರೆ ಹೇಗೆ? 2013ರ ಫೋಲ್ಡರ್ ತೆಗೆದು ಒಂದೊಂದೇ ಫೈಲು ತೆರೆದು ನೋಡಿದೆ. ಒಂದು ಗಂಟೆಯ ಮೇಲೆ ಸಿಕ್ಕಿತು. ಮೊದಲ ಸಾಲೇ 'ಸಂಪ್ರದಾಯದ ಹಾಡುಗಳು'.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ. ಅವನು ರಿಪ್‌ಗ್ರೆಪ್ ಹಾಕಿ ನೋಡು ಮಾಮಾ, ಅದು ಫೈಲುಗಳಲ್ಲಿ ಪದ ಹುಡುಕುವ ಇನ್ನೊಂದು ಪ್ರೋಗ್ರಾಂ ಅಂದ. ಅದೂ ರಸ್ಟ್‌ನಲ್ಲೇ ಬರೆದದ್ದಂತೆ. ಕಪ್ಪು ಪರದೆಯಲ್ಲಿ ಕನ್ನಡ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಹಾಗಾಗಿ ಹುಡುಕುವ ಪದವನ್ನು ಒಂದು ಫೈಲಿನಲ್ಲಿ ಬರೆದು ಕೊಟ್ಟೆ. ಆ ಹಾಡಿನ ಫೈಲು ತಕ್ಷಣ ಬಂತು.

ಆಮೇಲೆ ನಮ್ಮ ಕಡೆಯ ಊರುಗಳ ಹೆಸರು ಹಾಕಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ರಿಪ್‌ಗ್ರೆಪ್‌ನಲ್ಲಿ ಎಲ್ಲ ಊರೂ ಸಿಕ್ಕಿದವು. ಟ್ಯಾಂಟಿವಿ ಪ್ರೋಗ್ರಾಂನಲ್ಲಿ ರಾಯಚೂರು, ಮಾನವಿ, ಸಿಂಧನೂರು, ಲಿಂಗಸುಗೂರು, ಸಿರವಾರ ಬಂದವು. ಬಳ್ಳಾರಿ, ಕೊಪ್ಪಳ, ಮಸ್ಕಿ, ದೇವದುರ್ಗ ಸೊನ್ನೆ. ದೇವದುರ್ಗದವರ ಲಗ್ನಪತ್ರಿಕೆ ನಾನು ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ! ಇಷ್ಟು ದಿನ ಗೊತ್ತಾಗದೇ ಇದ್ದದ್ದು ಯಾಕೆ ಅಂದರೆ, ನಾನು ಜಾಸ್ತಿ ಹುಡುಕುತ್ತಿದ್ದುದು ಮೊಬೈಲ್ ನಂಬರ್ ಹಾಕಿ. ಅದು ಸರಿಯಾಗಿ ಬರುತ್ತಿತ್ತು.

ಎರಡೂ ಒಂದೇ ಭಾಷೆಯಲ್ಲಿ ಬರೆದಿದ್ದರೂ ಹೀಗೇಕೆ? ನನ್ನ ಅಂಗಡಿಗೆ ಯಾವುದು ಸರಿ? ಮೈಲಿಸರ್ಚ್ ಅಂತ ಇನ್ನೊಂದಿದೆ, ಅದೂ ರಸ್ಟ್‌ನದೇ ಅನ್ನುತ್ತಾನೆ ಹುಡುಗ. ನನ್ನದು 4 ಜಿಬಿ ರ‍್ಯಾಮಿನ ಹಳೆ ಕಂಪ್ಯೂಟರ್. ಹೋಲಿಕೆ ಮಾಡಿ ಬರೆದದ್ದನ್ನೆಲ್ಲ ಓದಿಸಿ ಕೇಳಿದೆ. ಎಲ್ಲರೂ ಎಷ್ಟು ಸ್ಟಾರ್, ಎಷ್ಟು ವೇಗ ಅಂತಲೇ ಬರೆದಿದ್ದಾರೆ. ಇದ್ದದ್ದನ್ನು ಇದೆ ಅನ್ನುತ್ತದೆಯೋ ಇಲ್ಲವೋ ಅಂತ ಯಾರೂ ಬರೆದಿಲ್ಲ. ನನಗೆ ಬೇಕಾಗಿರುವುದು ಅದೊಂದೇ.

ಕೌಲ್‌ಬಜಾರ್

ಅಣ್ಣಾ, ಬಳ್ಳಾರಿಯಿಂದ. ನಾನು ರಿಪ್‌ಗ್ರೆಪ್ ದಿನಾ ಬಳಸುತ್ತೇನೆ. ನಿಮ್ಮ ಕೆಲಸಕ್ಕೆ ಅದು ಸಾಕು ಅನ್ನಿಸುತ್ತದೆ.

ರಸ್ಟ್ ಅನ್ನುವುದು ಬರೀ ಬರೆಯುವ ಭಾಷೆ. 2015ರಲ್ಲಿ ಅದರ 1.0 ಬಂತು. ಮೆಮೊರಿ ವಿಷಯದಲ್ಲಿ ಆಗುವ ತಪ್ಪುಗಳನ್ನು ಕಂಪೈಲರ್ ಮೊದಲೇ ಹಿಡಿಯುತ್ತದೆ, ಸಿ ಭಾಷೆಯಷ್ಟೇ ವೇಗ ಇರುತ್ತದೆ. ಅದಕ್ಕೆ ಇಂಥ ಪ್ರೋಗ್ರಾಂಗಳನ್ನು ಅದರಲ್ಲಿ ಬರೆಯುತ್ತಾರೆ. ಆದರೆ ಪ್ರೋಗ್ರಾಂ ಬರೆದವರು ಯಾವ ಕೆಲಸ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನುವುದು ಬೇರೆ. ರಿಪ್‌ಗ್ರೆಪ್ 2016ರಲ್ಲಿ ಬಂದದ್ದು. ಮೊದಲೇ ಏನೂ ತಯಾರಿ ಮಾಡಿಟ್ಟುಕೊಳ್ಳುವುದಿಲ್ಲ. ನೀವು ಕೇಳಿದಾಗ ಪ್ರತಿ ಫೈಲನ್ನೂ ಓದಿ ನೋಡುತ್ತದೆ. ಟ್ಯಾಂಟಿವಿ ಮೊದಲೇ ಎಲ್ಲ ಓದಿ, ಪುಸ್ತಕದ ಹಿಂದೆ ಇರುವ ಪದಸೂಚಿ ಥರ ಒಂದು ಇಂಡೆಕ್ಸ್ ಕಟ್ಟಿಕೊಳ್ಳುತ್ತದೆ. ಕೇಳಿದಾಗ ಆ ಸೂಚಿಯನ್ನು ಮಾತ್ರ ನೋಡುತ್ತದೆ. ಸೂಚಿಯಲ್ಲಿ ಪದ ಇಲ್ಲದಿದ್ದರೆ ಫೈಲಿನಲ್ಲಿ ಇದ್ದರೂ ಇಲ್ಲ ಅನ್ನುತ್ತದೆ.

ವೇಗದ ಹೋಲಿಕೆಗಳ ವಿಷಯ ನೀವು ಹೇಳಿದ್ದು ನಿಜ. ರಿಪ್‌ಗ್ರೆಪ್ ಬಂದಾಗ ಅದನ್ನು ಬರೆದವರೇ ಒಂದು ದೊಡ್ಡ ಹೋಲಿಕೆ ಪ್ರಕಟಿಸಿದ್ದರು. ತುಂಬಾ ಪ್ರಾಮಾಣಿಕವಾದ ಬರಹ. ಅದರಲ್ಲಿ ಅಳೆದದ್ದು ಲಿನಕ್ಸ್ ಕರ್ನಲ್ ಕೋಡ್ ಮೇಲೆ, ಮತ್ತೆ ಇಂಗ್ಲಿಷ್ ಹಾಗೂ ರಷ್ಯನ್ ಸಬ್‌ಟೈಟಲ್‌ಗಳ ಮೇಲೆ. ಲಗ್ನಪತ್ರಿಕೆ ಮೇಲೆ ಯಾರು ಅಳೆಯುತ್ತಾರೆ, ಅಲ್ವಾ?

ನನ್ನ ಅನುಮಾನ ನಿಮ್ಮ ಕನ್ವರ್ಟರ್ ಮೇಲೆ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಏನೋ ಕೆಟ್ಟಿರಬೇಕು.

ರಾಯಚೂರು ಡಿಟಿಪಿ

ಕನ್ವರ್ಟರ್ ತಪ್ಪಾಗಿದ್ದರೆ ರಿಪ್‌ಗ್ರೆಪ್‌ಗೂ ಸಿಗಬಾರದಿತ್ತಲ್ಲ ತಮ್ಮಾ. ಅದಕ್ಕೆ ಸಿಕ್ಕಿದೆ. ಹೊಸದಾಗಿ ನಾನೇ ಯೂನಿಕೋಡ್‌ನಲ್ಲಿ 'ಬಳ್ಳಾರಿ' ಅಂತ ಟೈಪ್ ಮಾಡಿ ಒಂದು ಫೈಲು ಇಟ್ಟೆ. ಅದನ್ನೂ ಟ್ಯಾಂಟಿವಿ ಪ್ರೋಗ್ರಾಂ ಇಲ್ಲ ಅಂತು.

ಕೊಪ್ಪಳದಾಕೆ

ಅಣ್ಣಾ, ನೀವು ಊರುಗಳ ಪಟ್ಟಿ ಕೊಟ್ಟದ್ದು ಎಷ್ಟು ಒಳ್ಳೆಯದಾಯಿತು ಗೊತ್ತಾ? ಉತ್ತರ ಅದರಲ್ಲೇ ಇದೆ. ಸಿಕ್ಕ ಊರುಗಳನ್ನು ಒಂದು ಕಡೆ ಬರೆಯಿರಿ, ಸಿಗದವನ್ನು ಇನ್ನೊಂದು ಕಡೆ ಬರೆಯಿರಿ. ರಾಯಚೂರು, ಮಾನವಿ, ಸಿಂಧನೂರು, ಲಿಂಗಸುಗೂರು, ಸಿರವಾರ. ಇವುಗಳಲ್ಲಿ ಒಂದರಲ್ಲೂ ಒತ್ತಕ್ಷರ ಇಲ್ಲ. ಬಳ್ಳಾರಿ, ಕೊಪ್ಪಳ, ಮಸ್ಕಿ, ದೇವದುರ್ಗ. ಎಲ್ಲದರಲ್ಲೂ ಇದೆ. 'ಸಂಪ್ರದಾಯ'ದಲ್ಲಿ ಇದೆ, 'ಅಜ್ಜಿ'ಯಲ್ಲಿ ಇದೆ.

ನುಡಿ ಕೀಬೋರ್ಡಿನಲ್ಲಿ ಒತ್ತು ಬರಲು ನಡುವೆ ಎಫ್ ಒತ್ತುತ್ತೀರಲ್ಲ? ಬ, ಳ, ಎಫ್, ಳ, ಆ ಸ್ವರ, ಹೀಗೆ. ಆ ಎಫ್‌ನಿಂದ ಬರುವುದೇ ಯೂನಿಕೋಡ್‌ನಲ್ಲಿ ವಿರಾಮ ಅಥವಾ ಹಲಂತ ಅನ್ನುವ ಚಿಹ್ನೆ. ಕಣ್ಣಿಗೆ ಕಾಣಿಸುವುದಿಲ್ಲ, ಒತ್ತಕ್ಷರದ ಒಳಗೆ ಅಡಗಿರುತ್ತದೆ. ಆದರೆ ಫೈಲಿನಲ್ಲಿ ಅದು ಬೇರೆಯೇ ಒಂದು ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಪಟ್ಟಿಯಲ್ಲಿ ತನ್ನದೇ ಸಂಖ್ಯೆ ಇರುವ ಚಿಹ್ನೆ. ನೀವು ಎಫ್ ಒತ್ತಿದ ಕಡೆಯೆಲ್ಲ ಆ ಪ್ರೋಗ್ರಾಂ ಪದವನ್ನು ಕತ್ತರಿಸುತ್ತಿದೆ.

ಅದು ಹೀಗೆ. ಇಂಡೆಕ್ಸ್ ಕಟ್ಟುವ ಮೊದಲು ವಾಕ್ಯವನ್ನು ಪದಗಳಾಗಿ ಒಡೆಯಬೇಕು. ಒಡೆಯುವ ಭಾಗಕ್ಕೆ ಟೋಕನೈಜರ್ ಅನ್ನುತ್ತಾರೆ. ಟ್ಯಾಂಟಿವಿಯಲ್ಲಿ ನೀವೇನೂ ಹೇಳದಿದ್ದರೆ ಸಿಂಪಲ್ ಟೋಕನೈಜರ್ ಬಳಕೆಯಾಗುತ್ತದೆ. ಅದು ಪ್ರತಿ ಚಿಹ್ನೆಯನ್ನೂ ನೋಡಿ, ಇದು ಅಕ್ಷರವೋ ಅಂಕಿಯೋ ಅಂತ ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಕೇಳುತ್ತದೆ. ಎರಡೂ ಅಲ್ಲ ಅಂದರೆ ಅಲ್ಲಿಗೆ ಪದ ಮುಗಿಯಿತು ಅಂದುಕೊಳ್ಳುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ವ್ಯಂಜನಗಳು ಅಕ್ಷರ. ಕೊಂಬು, ಗುಡಿಸು, ಏತ್ವ, ಅನುಸ್ವಾರ ಇವಕ್ಕೂ ಅಕ್ಷರ ಅನ್ನುವ ಗುಣ ಕೊಟ್ಟಿದ್ದಾರೆ. ವಿರಾಮಕ್ಕೆ ಕೊಟ್ಟಿಲ್ಲ. ಹಾಗಾಗಿ 'ಬಳ್ಳಾರಿ' ಒಡೆದು 'ಬಳ' ಮತ್ತು 'ಳಾರಿ' ಆಗುತ್ತದೆ. ನಮ್ಮ ಕೊಪ್ಪಳ 'ಕೊಪ' ಮತ್ತು 'ಪಳ' ಆಗುತ್ತದೆ. 'ಕನ್ನಡ'ವೇ 'ಕನ' ಮತ್ತು 'ನಡ' ಆಗುತ್ತದೆ. ಬೇಕಿದ್ದರೆ 'ನಡ' ಅಂತ ಹುಡುಕಿ ನೋಡಿ. ಕನ್ನಡ ಅನ್ನುವ ಪದ ಇರುವ ಫೈಲೆಲ್ಲ ಬಂದು ಬೀಳುತ್ತವೆ.

ಟ್ಯಾಂಟಿವಿಯ ಕ್ವೆರಿ ಪಾರ್ಸರ್ (ಹುಡುಕುವ ಮಾತನ್ನು ಬಿಡಿಸಿ ನೋಡುವ ಭಾಗ) ಮೂಲಕ ಕೇಳಿದ್ದರೆ ನೀವು ಹಾಕಿದ ಪದವನ್ನೂ ಅದು ಹಾಗೇ ಒಡೆದು, ಎರಡು ಚೂರು ಪಕ್ಕಪಕ್ಕ ಇರುವ ಜಾಗ ಹುಡುಕುತ್ತಿತ್ತು. ಆಗ ಉತ್ತರ ಹೇಗೋ ಬರುತ್ತಿತ್ತು, ತಪ್ಪು ಒಳಗೇ ಮುಚ್ಚಿಹೋಗುತ್ತಿತ್ತು. ನಿಮ್ಮ ಹುಡುಗ ಟರ್ಮ್ ಕ್ವೆರಿ ನೇರವಾಗಿ ಬಳಸಿದ್ದಾನೆ ಅಂತ ಕಾಣುತ್ತದೆ. ಅದು 'ಬಳ್ಳಾರಿ' ಅನ್ನುವ ಇಡೀ ಪದವನ್ನು ಸೂಚಿಯಲ್ಲಿ ಹುಡುಕುತ್ತದೆ. ಅಲ್ಲಿ ಇರುವುದು ಚೂರುಗಳು. ಅದಕ್ಕೆ ಸೊನ್ನೆ. ಹುಡುಗನನ್ನು ಬೈಯಬೇಡಿ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ರಿಪ್‌ಗ್ರೆಪ್‌ಗೆ ಯಾಕೆ ಸಿಕ್ಕಿತು? ಒಂದು, ಅದು ಪದ ಒಡೆಯುವುದೇ ಇಲ್ಲ, ನೀವು ಕೊಟ್ಟ ಬೈಟುಗಳು (ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಖ್ಯೆಗಳು) ಫೈಲಿನಲ್ಲಿ ಇವೆಯಾ ಅಂತ ನೋಡುತ್ತದೆ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಇಡೀ ಪದ ಮಾತ್ರ ಬೇಕು ಅನ್ನುವ ಆಪ್ಷನ್ ಹಾಕಿದರೂ ರಿಪ್‌ಗ್ರೆಪ್ ಕನ್ನಡದಲ್ಲಿ ತಪ್ಪುವುದಿಲ್ಲ. 'ಮರ' ಹುಡುಕಿದರೆ 'ಅಮರ' ಬರುವುದಿಲ್ಲ, 'ನಡ' ಹುಡುಕಿದರೆ 'ಕನ್ನಡ' ಬರುವುದಿಲ್ಲ. ಯಾಕೆಂದರೆ ಅದರ ಒಳಗಿನ ರೆಜೆಕ್ಸ್ (ಮಾದರಿ ಕೊಟ್ಟು ಪದ ಹುಡುಕುವ ಪದ್ಧತಿ) ಲೈಬ್ರರಿ ಯೂನಿಕೋಡ್‌ನವರು ರೆಜೆಕ್ಸ್‌ಗೆ ಅಂತಲೇ ಹೇಳಿಕೊಟ್ಟ ವ್ಯಾಖ್ಯೆ ಹಿಡಿದಿದೆ. ಅದರಲ್ಲಿ ಅಕ್ಷರಗಳ ಜೊತೆ, ಅವಕ್ಕೆ ಅಂಟಿಕೊಳ್ಳುವ ಎಲ್ಲ ಮಾರ್ಕ್‌ಗಳೂ ಸೇರುತ್ತವೆ. ವಿರಾಮವೂ ಸೇರುತ್ತದೆ. 'ಫೇಸ್‌ಬುಕ್' ಅಂತ ಬರೆಯುವಾಗ ನಡುವೆ ಹಾಕುವ, ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆಯೂ ಸೇರುತ್ತದೆ. ಒಂದೇ ಭಾಷೆ, ಒಂದೇ ಯೂನಿಕೋಡ್ ಪಟ್ಟಿ. ಒಬ್ಬರು "ಇದು ಅಕ್ಷರವಾ?" ಅಂತ ಕೇಳಿದರು, ಇನ್ನೊಬ್ಬರು "ಇದು ಪದದ ಒಳಗೆ ಬರುತ್ತದಾ?" ಅಂತ ಕೇಳಿದರು. ನಿಮ್ಮ ಅಂಗಡಿಗೆ ಬಂದ ತಾಯಿಯನ್ನು ವಾಪಸ್ ಕಳಿಸಿದ್ದು ಆ ಮೊದಲನೇ ಪ್ರಶ್ನೆ.

ಸರಿ ಮಾಡುವುದು ಕಷ್ಟವಿಲ್ಲ. ಟ್ಯಾಂಟಿವಿಯಲ್ಲೇ ರೆಜೆಕ್ಸ್ ಟೋಕನೈಜರ್ ಅಂತ ಇದೆ. ಅದಕ್ಕೆ ರೆಜೆಕ್ಸ್‌ನ ಪದ-ಚಿಹ್ನೆ ಗುಂಪನ್ನು ಕೊಡಲಿ. ವೈಟ್‌ಸ್ಪೇಸ್ ಟೋಕನೈಜರ್ ಬೇಡ, 'ಬಳ್ಳಾರಿ' ಪಕ್ಕದ ಅಲ್ಪವಿರಾಮವೂ ಪದಕ್ಕೆ ಅಂಟಿಕೊಳ್ಳುತ್ತದೆ. ಟೋಕನೈಜರ್ ಬದಲಾಯಿಸಿದ ಮೇಲೆ ಇಂಡೆಕ್ಸನ್ನು ಪೂರ್ತಿ ಹೊಸದಾಗಿ ಕಟ್ಟಬೇಕು. ಇದನ್ನು ಮರೆಯುವವರು ಬಹಳ.

ಇನ್ನೊಂದು ಮಾತು. ರಿಪ್‌ಗ್ರೆಪ್‌ನಲ್ಲಿ ನಿಮ್ಮ ಊರನ್ನು ಹುಡುಕುವಾಗ 'ರಾಯಚೂರು' ಅಂತ ಹಾಕಬೇಡಿ, 'ರಾಯಚೂರ' ಅಂತ ಹಾಕಿ. 'ರಾಯಚೂರಿನ', 'ರಾಯಚೂರಿಗೆ' ಅನ್ನುವಾಗ ಕೊನೆಯ ಕೊಂಬು ಬಿದ್ದು ಗುಡಿಸು ಬರುತ್ತದೆ. ಕೊಂಬಿನ ಸಮೇತ ಹುಡುಕಿದರೆ ಅವೆಲ್ಲ ತಪ್ಪಿಹೋಗುತ್ತವೆ. 'ಊರು', 'ಕಾಡು', 'ಹಾಡು' ಎಲ್ಲಕ್ಕೂ ಹೀಗೇ. ಇಂಗ್ಲಿಷಿಗೆ ಇಂಥ ಪ್ರತ್ಯಯ ಕಳಚಲು ಟ್ಯಾಂಟಿವಿಯಲ್ಲಿ ಸ್ಟೆಮ್ಮರ್ ಇದೆ. ತಮಿಳಿಗೂ ಇದೆ. ಕನ್ನಡಕ್ಕೆ ಇಲ್ಲ. ನನಗೆ ಪ್ರತಿ ಸಲ ಆ ಪಟ್ಟಿ ನೋಡಿದಾಗ ಬೇಸರವಾಗುತ್ತದೆ.

ಗಂಗಾವತಿ ಬಿಡಿಭಾಗ

ಮೈಲಿಸರ್ಚ್ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮಾಲಿನ ಪಟ್ಟಿ ಹುಡುಕಲು ಹಾಕಿಕೊಂಡಿದ್ದೇನೆ. ಅದು ಸರ್ವರ್. ಯಾವಾಗಲೂ ನಡೆಯುತ್ತಿರಬೇಕು, ಬ್ರೌಸರ್ ಅಥವಾ ಬೇರೆ ಪ್ರೋಗ್ರಾಂ ಅದನ್ನು ಕೇಳುತ್ತದೆ. ಬರೆಯುವಾಗ ತಪ್ಪಾದರೂ ಹುಡುಕಿ ಕೊಡುವುದು ಅದರ ದೊಡ್ಡ ಗುಣ. ಸೆಟ್ಟಿಂಗ್ ಮುಟ್ಟದಿದ್ದರೆ 5 ಅಕ್ಷರದ ಪದದಿಂದ ಒಂದು ತಪ್ಪು, 9ರಿಂದ ಎರಡು ತಪ್ಪು ಒಪ್ಪುತ್ತದೆ. ಬೇರಿಂಗ್ ಹೆಸರನ್ನು ಹತ್ತು ಜನ ಹತ್ತು ಥರ ಬರೆಯುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಆದರೆ ಅಣ್ಣಾ, ನಿಮ್ಮ 4 ಜಿಬಿ ಯಂತ್ರಕ್ಕೆ ನಾನು ಹೇಳುವುದಿಲ್ಲ. ಇಂಡೆಕ್ಸ್ ಕಟ್ಟುವಾಗ ಮೂರರಲ್ಲಿ ಎರಡು ಪಾಲು ರ‍್ಯಾಮ್ ತೆಗೆದುಕೊಳ್ಳಲು ಅದಕ್ಕೆ ಡೀಫಾಲ್ಟ್ ಅನುಮತಿ ಇದೆ. ಕಡಿಮೆ ಮಾಡಬಹುದು, ಆಪ್ಷನ್ ಇದೆ. ಅದೇ ಹೊತ್ತಿಗೆ ನೀವು ಕೋರಲ್‌ಡ್ರಾ ತೆರೆದು ಫ್ಲೆಕ್ಸ್ ಡಿಸೈನ್ ಮಾಡುತ್ತಿರುತ್ತೀರಿ. ಎರಡೂ ಒದ್ದಾಡುತ್ತವೆ.

ರಾಯಚೂರು ಡಿಟಿಪಿ

ಕೊಪ್ಪಳದ ತಂಗೀ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಹದಿನೈದು ವರ್ಷದಿಂದ ದಿನಕ್ಕೆ ಸಾವಿರ ಸಲ ಆ ಎಫ್ ಒತ್ತುತ್ತಿದ್ದೇನೆ. ಅದು ಫೈಲಿನಲ್ಲಿ ಬೇರೆಯಾಗಿ ಕೂತಿರುತ್ತದೆ ಅಂತ ಇವತ್ತು ಗೊತ್ತಾಯಿತು. 'ನಡ' ಹಾಕಿ ನೋಡಿದೆ. ನೀವು ಹೇಳಿದ ಹಾಗೆಯೇ ಕನ್ನಡ ಶಾಲೆಗಳ ಸ್ಮರಣ ಸಂಚಿಕೆಗಳೆಲ್ಲ ಬಂದವು.

ಭಾನುವಾರ ಹುಡುಗ ಮನೆಗೆ ಬಂದಿದ್ದ. ನೀವು ಬರೆದದ್ದನ್ನು ಓದಿ ಟೋಕನೈಜರ್ ಬದಲಾಯಿಸಿದ, ಇಂಡೆಕ್ಸ್ ಹೊಸದಾಗಿ ಕಟ್ಟಿದ. ಬಳ್ಳಾರಿ ಬಂತು, ದೇವದುರ್ಗ ಬಂತು, ಅಜ್ಜಿ ಬಂತು.

ಆದರೆ ಈಗ ಎರಡು ಹೊಸ ಕಾಟ. ನಾನು ಇಂಥವನೇ, ಒಮ್ಮೆ ಅನುಮಾನ ಬಂದರೆ ಪ್ರೂಫ್ ನೋಡಿದ ಹಾಗೆ ಸಾಲು ಸಾಲು ನೋಡುತ್ತೇನೆ.

ಒಂದನೆಯದು. ನನ್ನ ಲಗ್ನಪತ್ರಿಕೆಗಳಲ್ಲಿ ತಪ್ಪದೇ ಬರುವ ಸಾಲು 'ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ'. 'ವಧೂವರರನ್ನು' ಹಾಕಿದರೆ ಬರುತ್ತದೆ. 'ವಿನಂತಿ' ಬರುತ್ತದೆ. ನಡುವಿನ 'ಆಶೀರ್ವದಿಸಬೇಕಾಗಿ' ಮಾತ್ರ ಸೊನ್ನೆ. 'ತುಂಗಭದ್ರೆ' ಬರುತ್ತದೆ, 'ತುಂಗಭದ್ರೆಯಲ್ಲಿ' ಬರುವುದಿಲ್ಲ.

ಎರಡನೆಯದು ರಿಪ್‌ಗ್ರೆಪ್‌ನದು. 'ದೇವರ' ಅಂತ ಹುಡುಕಿದರೆ ಕೆಲವು ಹಳೆ ಫೈಲು ತಪ್ಪುತ್ತವೆ. ತೆರೆದು ನೋಡಿದರೆ ಪದ ಅಲ್ಲೇ ಇದೆ, ಅಚ್ಚು ಒಂದೇ ಥರ ಕಾಣುತ್ತದೆ. ಅದನ್ನು ಕಾಪಿ ಮಾಡಿ ಹುಡುಕಿದರೆ ಹಳೆ ಫೈಲುಗಳು ಮಾತ್ರ ಬರುತ್ತವೆ, ಹೊಸವು ಹೋಗುತ್ತವೆ!

ಕೊಪ್ಪಳದಾಕೆ

ಮೊದಲನೆಯದನ್ನು ಓದಿದ ತಕ್ಷಣ ನಾನು ಬೆರಳಲ್ಲಿ ಎಣಿಸಿದೆ. 'ಆಶೀರ್ವದಿಸಬೇಕಾಗಿ' ಅನ್ನುವುದು 15 ಕೋಡ್ ಪಾಯಿಂಟ್. ಒಂದೊಂದು ಕನ್ನಡ ಕೋಡ್ ಪಾಯಿಂಟ್‌ಗೂ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ರೀತಿ) 3 ಬೈಟ್ ಬೇಕು. ಒಟ್ಟು 45 ಬೈಟ್. 'ತುಂಗಭದ್ರೆಯಲ್ಲಿ' 14, ಅಂದರೆ 42 ಬೈಟ್. 'ತುಂಗಭದ್ರೆ' 27 ಬೈಟ್.

ಟ್ಯಾಂಟಿವಿಯ ಡೀಫಾಲ್ಟ್ ಜೋಡಣೆಯಲ್ಲಿ ಟೋಕನೈಜರ್ ಆದ ಮೇಲೆ ಒಂದು ಜರಡಿ ಇದೆ. 40 ಬೈಟ್ ಅಥವಾ ಅದಕ್ಕಿಂತ ಉದ್ದದ ಪದಗಳನ್ನು ಸೂಚಿಗೆ ಸೇರಿಸದೆ ಬಿಟ್ಟುಬಿಡುತ್ತದೆ. ಇ-ಮೇಲ್‌ನಲ್ಲಿ ಅಂಟಿಸಿದ ಚಿತ್ರಗಳು ಉದ್ದುದ್ದ ಅಕ್ಷರದ ಸಾಲಾಗಿ ಬರುತ್ತವಲ್ಲ, ಅಂಥ ಕಸ ಸೇರದಿರಲಿ ಅಂತ ಹಾಕಿದ್ದು. ಇಂಗ್ಲಿಷಿನಲ್ಲಿ 40 ಅಕ್ಷರದ ಪದ ಎಲ್ಲಿರುತ್ತದೆ? ನಮಗೆ ಆ 40 ಬೈಟಿಗೆ ಸಿಗುವುದು 13 ಕೋಡ್ ಪಾಯಿಂಟ್ ಮಾತ್ರ. ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸುವ ಭಾಷೆ ನಮ್ಮದು. 'ಮಾಡಬೇಕಾಗಿರುವುದರಿಂದ' ಅಂದರೆ 54 ಬೈಟ್ ಆಗಿಹೋಯಿತು. ಹುಡುಗ ಟೋಕನೈಜರ್ ಬದಲಾಯಿಸಿದ್ದಾನೆ, ಹಳೆ ಜರಡಿ ಹಾಗೇ ಉಳಿಸಿಕೊಂಡಿದ್ದಾನೆ. ಮೊದಲು ಪದಗಳೇ ಒಡೆದು ಸಣ್ಣದಾಗುತ್ತಿದ್ದವು, ಹಾಗಾಗಿ ಜರಡಿ ಇಷ್ಟು ಹಿಡಿಯುತ್ತಿರಲಿಲ್ಲ. 40 ಇರುವ ಕಡೆ 300 ಹಾಕಲಿ.

ಎರಡನೆಯದರಲ್ಲಿ ಕೌಲ್‌ಬಜಾರ್ ಅಣ್ಣನ ಅನುಮಾನ ಸರಿ ಹೋಯಿತು. ಇದು ಕನ್ವರ್ಟರ್ ಕೆಲಸ. ನುಡಿ ಫಾಂಟಿನಲ್ಲಿ ದೀರ್ಘದ ಚಿಹ್ನೆ ಬೇರೆಯೇ ತುಂಡು, ಅಲ್ವಾ? ಯೂನಿಕೋಡ್‌ನಲ್ಲಿ 'ದೇ' ಬರೆಯಲು ಎರಡು ದಾರಿ ಇವೆ. ದ ಆದ ಮೇಲೆ ಏತ್ವದ ದೀರ್ಘ ಅಂತ ಒಂದೇ ಕೋಡ್ ಪಾಯಿಂಟ್ ಹಾಕಬಹುದು. ಇಲ್ಲವೇ ಹ್ರಸ್ವ ಏತ್ವ ಹಾಕಿ, ಪಕ್ಕದಲ್ಲಿ ದೀರ್ಘದ ಚಿಹ್ನೆ ಬೇರೆಯಾಗಿ ಹಾಕಬಹುದು. ಎರಡೂ ಸಮ ಅಂತ ಯೂನಿಕೋಡ್ ಹೇಳುತ್ತದೆ, ಕಣ್ಣಿಗೂ ಒಂದೇ. ಬೈಟುಗಳು ಬೇರೆ. ನಿಮ್ಮ ಕನ್ವರ್ಟರ್ ಫಾಂಟಿನ ತುಂಡುಗಳನ್ನು ಇದ್ದ ಹಾಗೇ ಎರಡು ತುಂಡಾಗಿ ಬರೆದಿದೆ. 'ಕೀ', 'ಕೇ', 'ಕೋ' ಮೂರಕ್ಕೂ ಈ ತೊಂದರೆ ಬರುತ್ತದೆ. ರಿಪ್‌ಗ್ರೆಪ್ ಎರಡನ್ನೂ ಒಂದೇ ಅಂತ ನೋಡುವುದಿಲ್ಲ. ಇದು ಅದರ ತಪ್ಪಲ್ಲ, ಹಾಗೆ ಮಾಡುತ್ತೇನೆ ಅಂತ ಅದು ಎಲ್ಲೂ ಹೇಳಿಲ್ಲ.

ಎಲ್ಲ ಫೈಲುಗಳನ್ನೂ ಒಮ್ಮೆ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅಂದರೆ ಬಿಡಿ ತುಂಡುಗಳನ್ನು ಕೂಡಿಸಿ ಒಂದೇ ಕೋಡ್ ಪಾಯಿಂಟ್ ಮಾಡುವ ರೂಪ. ರಸ್ಟ್‌ನಲ್ಲಿ ಯೂನಿಕೋಡ್ ನಾರ್ಮಲೈಸೇಷನ್ ಕ್ರೇಟ್ (ಲೈಬ್ರರಿ) ಇದೆ, ಹತ್ತು ಸಾಲಿನ ಕೆಲಸ. ಮೂಲ ಫೈಲುಗಳ ಪ್ರತಿ ಮೊದಲು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಕೌಲ್‌ಬಜಾರ್

ಕಪ್ಪು ಪರದೆಯ ಡಬ್ಬಿಗಳ ವಿಷಯ ಯಾರೂ ಹೇಳಲಿಲ್ಲ. ಅಣ್ಣಾ, ವಿಎಸ್ ಕೋಡ್ ಅನ್ನುವ ಎಡಿಟರ್ ಹಾಕಿಕೊಳ್ಳಿ. ಅದರಲ್ಲಿ ಫೋಲ್ಡರ್ ಪೂರ್ತಿ ಹುಡುಕುವ ಕೆಲಸ ಮಾಡುವುದು ಒಳಗಿರುವ ರಿಪ್‌ಗ್ರೆಪ್ಪೇ. ಕನ್ನಡ ಸರಿಯಾಗಿ ಕಾಣುತ್ತದೆ, ಟೈಪ್ ಮಾಡಲೂಬಹುದು. ಸಿಕ್ಕ ಸಾಲು ಒತ್ತಿದರೆ ಫೈಲು ತೆರೆಯುತ್ತದೆ.

ಇನ್ನು ಯಾವ ಪ್ರಾಜೆಕ್ಟ್ ಮುಂದೆ ಉಳಿಯುತ್ತದೆ ಅನ್ನುವುದನ್ನೂ ನೋಡಬೇಕು. ಟ್ಯಾಂಟಿವಿಯನ್ನು ಬೆಳೆಸಿದ ಕ್ವಿಕ್‌ವಿಟ್ ಕಂಪನಿ 2025ರಲ್ಲಿ ಡೇಟಾಡಾಗ್ ಅನ್ನುವ ಕಂಪನಿ‌ಗೆ ಸೇರಿತು. ಟ್ಯಾಂಟಿವಿ ಎಂಐಟಿ ಲೈಸೆನ್ಸಿನಲ್ಲಿದೆ, ಯಾರು ಬೇಕಾದರೂ ಬಳಸಿ ಬದಲಾಯಿಸಬಹುದು, ಹಾಗಾಗಿ ಕೋಡ್ ಎಲ್ಲಿಗೂ ಹೋಗುವುದಿಲ್ಲ. ರಿಪ್‌ಗ್ರೆಪ್‌ಗೂ ಲೈಸೆನ್ಸಿನ ಚಿಂತೆ ಇಲ್ಲ. ನಿಮ್ಮ ಟೆಕ್ಸ್ಟ್ ಫೈಲುಗಳು ನಿಮ್ಮ ಹತ್ತಿರವೇ ಇರುವುದರಿಂದ ನಾಳೆ ಬೇರೆ ಪ್ರೋಗ್ರಾಂ ಬಂದರೂ ಚಿಂತೆಯಿಲ್ಲ. ಪೇಜ್‌ಮೇಕರ್ ಫೈಲಿನಲ್ಲೇ ಬಿಟ್ಟಿದ್ದರೆ ನೀವು ಇವತ್ತು ಈ ಪ್ರಶ್ನೆ ಕೇಳುವ ಹಾಗೂ ಇರುತ್ತಿರಲಿಲ್ಲ.

ರಾಯಚೂರು ಡಿಟಿಪಿ

ಎನ್‌ಎಫ್‌ಸಿ ಮಾಡಿದೆವು. 'ದೇವರ' ಈಗ ಹಳೆಯದೂ ಹೊಸದೂ ಒಟ್ಟಿಗೆ ಬರುತ್ತವೆ. ಜರಡಿಗೆ 300 ಹಾಕಿದ, 'ಆಶೀರ್ವದಿಸಬೇಕಾಗಿ' ಹಾಕಿದರೆ ಲಗ್ನಪತ್ರಿಕೆಗಳ ಪಟ್ಟಿ ಮುಗಿಯುವುದೇ ಇಲ್ಲ. ನಾನು ನಿರ್ಧಾರ ಮಾಡಿದ್ದು ಹೀಗೆ. ಅಂಗಡಿಯಲ್ಲಿ ದಿನದ ಕೆಲಸಕ್ಕೆ ವಿಎಸ್ ಕೋಡ್, ಅಂದರೆ ರಿಪ್‌ಗ್ರೆಪ್. ಪದ ಒಡೆಯದೆ ಇದ್ದದ್ದನ್ನು ಇದ್ದ ಹಾಗೆ ನೋಡುತ್ತದೆ, ಅದಕ್ಕೆ ನನಗೆ ಧೈರ್ಯ. 11,000 ಫೈಲಿಗೆ ಬೆಳಿಗ್ಗೆ ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಮೇಲೆ ಬೇಗ. ಟ್ಯಾಂಟಿವಿ ಪ್ರೋಗ್ರಾಂ ಹುಡುಗನ ಹತ್ತಿರ ಇರುತ್ತದೆ. ಕನ್ನಡಕ್ಕೆ ಸರಿಯಾದ ಟೋಕನೈಜರ್ ಬರೆದು ಎಲ್ಲರಿಗೂ ಸಿಗುವ ಹಾಗೆ ಹಾಕುತ್ತೇನೆ ಅನ್ನುತ್ತಿದ್ದಾನೆ. ಅದಕ್ಕೆ ನಮ್ಮ ಊರುಗಳ ಹೆಸರನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದಾನೆ. ಬಳ್ಳಾರಿ, ಕೊಪ್ಪಳ, ಮಸ್ಕಿ ಒಂದಾಗಿ ಬಂದರೆ ಪಾಸು.

ಆ ತಾಯಿಗೆ ಅವತ್ತು ಬೆಳಿಗ್ಗೆಯೇ ಫೋನ್ ಮಾಡಿದ್ದೆ. ಮೊದಲು ತಪ್ಪಾಯಿತು ಅಂದೆ. ಅವರು ಮಾರನೇ ದಿನವೇ ಮಗನ ಜೊತೆ ಬಂದರು. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅಲ್ಲೇ ಸ್ಟೂಲ್ ಮೇಲೆ ಕೂತು ಬೆರಳಿಟ್ಟು ಓದುತ್ತಾ ಹೋದರು, ಓದುತ್ತಾ ಸಣ್ಣಗೆ ಹಾಡುತ್ತಾ ಹೋದರು. ನಾಲ್ಕನೇ ಪುಟದಲ್ಲಿ ನಿಂತು, "ತಮ್ಮಾ, ಈ ಎರಡನೇ ನುಡಿ ನಮ್ಮತ್ತಿ ಹಿಂಗ ಹಾಡ್ತಿದ್ದಿಲ್ಲ, ಆವಾಗ ನಾನೇ ತಪ್ಪು ಹೇಳಿದ್ದೆ" ಅಂದರು. ಕೂರಿಸಿಕೊಂಡು ಸರಿ ಮಾಡಿದೆ. ಈಗ ಐವತ್ತು ಪ್ರತಿ ಬೈಂಡಿಂಗ್‌ಗೆ ಹೋಗಿದೆ.

ಒಂದು ಬಾಕಿ ಇದೆ. 'ರ‍್ಯಾಂಕ್', 'ರ‍್ಯಾಲಿ' ಇಂಥ ಪದಗಳಲ್ಲಿ ರ ಪೂರ್ತಿ ಬಂದು ಯ ಒತ್ತಾಗಬೇಕಲ್ಲ, ಅಲ್ಲಿ ನನ್ನ ಹಳೆ ಫೈಲಿನಲ್ಲಿ ಒಂದು ಥರ ಇದೆ, ಹೊಸದರಲ್ಲಿ ಇನ್ನೊಂದು ಥರ ಇದೆ. ಎನ್‌ಎಫ್‌ಸಿ ಮಾಡಿದರೂ ಅವು ಸೇರುತ್ತಿಲ್ಲ. ತಂಗೀ, ಅದರ ದಾರಿ ಗೊತ್ತಿದ್ದರೆ ಪುರುಸೊತ್ತಾದಾಗ ಬರೆಯಿರಿ.

ಕೊಪ್ಪಳದಾಕೆ

ಅದು ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆಯ ಕೆಲಸ ಅಣ್ಣಾ, ಜೋಡಿಸುವ ಚಿಹ್ನೆಯದು. ರ ಆದ ಮೇಲೆ, ವಿರಾಮಕ್ಕಿಂತ ಮೊದಲು ಅದನ್ನು ಹಾಕಿದರೆ 'ರ‍್ಯ' ಆಗುತ್ತದೆ, ಬಿಟ್ಟರೆ ಅರ್ಕಾವೊತ್ತು ಬಂದು 'ರ್ಯ' ಆಗುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಫೈಲಿನಿಂದ ಅದನ್ನು ತೆಗೆಯಬೇಡಿ, ಅಚ್ಚು ಕೆಡುತ್ತದೆ. ಹುಡುಕಲು ಅಂತ ಬೇರೆ ಪ್ರತಿ ಇಟ್ಟುಕೊಂಡು, ಅದರಲ್ಲಿ ಮಾತ್ರ ತೆಗೆಯಿರಿ. ಹುಡುಕುವ ಪದದಿಂದಲೂ ತೆಗೆದು ಕೇಳಿ. ಹುಡುಗನಿಗೆ ನನ್ನ ಕಡೆಯಿಂದ ಹೇಳಿ, ಪರೀಕ್ಷೆಯ ಪಟ್ಟಿಗೆ 'ಕುಷ್ಟಗಿ', 'ಯಲಬುರ್ಗಾ' ಕೂಡ ಸೇರಿಸಲಿ. ನಮ್ಮ ಜಿಲ್ಲೆಯವೂ ಇರಲಿ.